ಬೀಸುವ ಕಲ್ಲಿನ ಸಾಲಿ

ಬೆಳಗಾವಿಯಲ್ಲಿ ನಮ್ಮ ಓಣಿಯ ತುದಿಗೆ ಹಿಟ್ಟಿನ ಗಿರಣಿ ಹಗಲೆಲ್ಲ ಸದ್ದು ಮಾಡುತ್ತಿರುತ್ತದೆ. ನನ್ನ ಹೆಂಡತಿ ಮಕ್ಕಳು ಅಲ್ಲಿಯ ಹಿಟ್ಟಿನ ರೊಟ್ಟಿ ತಿಂದು ಆರಾಮಾಗಿದ್ದಾರೆ. ನಾನೊಬ್ಬ ಮಾತ್ರ ಧೋತರ ಎತ್ತಿ ಕಟ್ಟಿ, ಒಂದು ಕಾಲು ಚಾಚಿ ಕೂತು, ನನ್ನ ಪಾಲಿನ ಜೋಳವನ್ನು ನಾನೇ ಬೀಸಿಕೊಳ್ಳುತ್ತೇನೆ. ಓಣಿಯವರು ಮೊದಲು ನಕ್ಕರು, ಆಮೇಲೆ ನನ್ನ ಹೆಂಡತಿಯ ಮೇಲೆ ಕನಿಕರಪಟ್ಟರು, ಈಗ ಎರಡನ್ನೂ ಬಿಟ್ಟಿದ್ದಾರೆ. ಇದರಲ್ಲಿ ತತ್ವವೇನೂ ಇಲ್ಲ. ನನಗೆ ಬೀಸುವುದು ಸರಿಯಾಗಿ ಬರುವುದೂ ಇಲ್ಲ. ನನ್ನ ಹಿಟ್ಟಿನ ರೊಟ್ಟಿಯನ್ನು ಗೋಡೆಗೆ ಎಸೆದರೆ ಸುಣ್ಣ ಉದುರುತ್ತದೆ. ಒಂಬತ್ತರ ವಯಸ್ಸಿನಲ್ಲಿ, ಬಾಯಲ್ಲಿ ರೊಟ್ಟಿ ಇದ್ದಾಗಲೇ, ಸಿಟ್ಟಿನಿಂದ ಒಂದು ಮಾತು ಆಡಿಬಿಟ್ಟೆ. ಅದರ ಫಲ ಇದು. ಸಿಟ್ಟು ಇನ್ನೂ ಇಳಿದಿಲ್ಲ, ಆದ್ದರಿಂದ ಬೀಸುವುದೂ ನಿಂತಿಲ್ಲ.

ನಮ್ಮ ಖಾನಾಪುರದ ಮನೆಯಲ್ಲಿ ಮುಂದೆ ಪಡಸಾಲೆ, ಅಲ್ಲಿ ಅಪ್ಪನ ಗಾದಿ, ತಕ್ಕಡಿ, ಭತ್ತದ ಚೀಲಗಳು. ಅದರ ಹಿಂದೆ ನಡುಮನೆ, ಕೊನೆಗೆ ಅಡುಗೆಮನೆ. ಅಡುಗೆಮನೆಯ ಬಾಜು ಒಂದು ಇಕ್ಕಟ್ಟಿನ ಖೋಲಿ. ಹೆಂಚಿನ ನಡುವೆ ಕೂರಿಸಿದ ಒಂದು ಗಾಜಿನಿಂದ ಅಲ್ಲಿಗೆ ಬೆಳಕು ಬೀಳುತ್ತಿತ್ತು. ಆ ಬೆಳಕು ಬೀಳುವ ಜಾಗದಲ್ಲೇ ಬೀಸುವ ಕಲ್ಲು. ನಾವು ಜೈನರು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ, ಹೊತ್ತು ಮುಳುಗುವುದರೊಳಗೆ ಉಂಡು ಏಳುವ ಮನೆ. ಹಿಟ್ಟನ್ನೂ ಬಹಳ ದಿನ ಇಡುವಂತಿರಲಿಲ್ಲ. ಮಳೆಗಾಲದಲ್ಲಂತೂ ಹಿಟ್ಟು ಬೇಗ ಹುಳ ಹಿಡಿಯುತ್ತದೆ, ಹುಳ ಸತ್ತರೆ ಪಾಪ. ಆದ್ದರಿಂದ ಆ ಕಲ್ಲಿಗೆ ಬಿಡುವೆಂಬುದೇ ಇರಲಿಲ್ಲ. ಕಲ್ಲಿಗೇ ಇಲ್ಲದ ಬಿಡುವು ನಮ್ಮ ಅತ್ತಿಗಾದರೂ ಎಲ್ಲಿಂದ ಬರಬೇಕು?

ಅತ್ತಿ ಎಂದರೆ ಅಪ್ಪನ ಅಕ್ಕ. ಬೀಡಿ ಗ್ರಾಮಕ್ಕೆ ಕೊಟ್ಟಿದ್ದರು. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡ. ಅವಳ ಮಾವನಿಗೆ ಓದುವ ಹುಚ್ಚು, ಆದರೆ ಕಣ್ಣಿಗೆ ಪೊರೆ ಬಂದಿತ್ತು. ಮುದುಕ ಸೊಸೆಗೆ ಅಕ್ಷರ ಕಲಿಸಿ, ಮನೆಯಲ್ಲಿದ್ದ ಹಳೆಗನ್ನಡದ ಕಾವ್ಯಗಳನ್ನೆಲ್ಲ ಅವಳಿಂದ ಓದಿಸಿ ಕೇಳಿದ. ತಿಳಿಯದ ಕಡೆ ಅರ್ಥ ಹೇಳಿದ, ತನಗೂ ತಿಳಿಯದ ಕಡೆ ಅವಳೊಡನೆ ಜಗಳ ಆಡಿದ. ಅವನೂ ಹೋದ ಮೇಲೆ ಅತ್ತಿ ತಮ್ಮನ ಮನೆಗೆ ಬಂದಳು. ಪುಸ್ತಕಗಳು ಬೀಡಿಯಲ್ಲೇ ಉಳಿದವು. ಕಾವ್ಯಗಳು ಮಾತ್ರ ಅವಳ ತಲೆಯಲ್ಲಿ ಕೂತು ಅವಳ ಜೊತೆಗೇ ಬಂದವು. ಬಂದ ದಿನವೇ ಅವಳಿಗೆ ಆ ಖೋಲಿಯನ್ನೂ ಆ ಕಲ್ಲನ್ನೂ ತೋರಿಸಿದರು. ನಿನಗೆ ಏನು ಬರುತ್ತದೆ ಎಂದು ಯಾರೂ ಕೇಳಲಿಲ್ಲ.

ಹೀಗಿರುವಾಗ ಒಂದು ದಿನ ಅಪ್ಪ ನಮ್ಮನ್ನು ಸರ್ಕಾರಿ ಸಾಲಿಯಿಂದ ಬಿಡಿಸಿದ. ಅದು ಬ್ರಿಟಿಷರ ಕಾಲ, ಅವರ ಸರ್ಕಾರದ ಸಾಲಿ ಬೇಡವೆಂದು ಊರೂರಲ್ಲಿ ಮಕ್ಕಳನ್ನು ಹಾಗೆ ಬಿಡಿಸುವ ಗಾಳಿ ಬೀಸುತ್ತಿತ್ತು. ಅಪ್ಪ ಕಟ್ಟೆಯ ಮೇಲೆ ನಿಂತು ಓಣಿಯವರಿಗೆಲ್ಲ ಕೇಳುವಂತೆ ಭಾಷಣ ಮಾಡಿದ:

"ಯಾರೋ ಹೇಳಿದ್ದಕ್ಕ ಹೂಂ ಅನ್ನೂ ಮಕ್ಕಳು ನಮಗ ಬ್ಯಾಡ. ಯಾಕ ಅಂತ ಎದಿ ಸೆಟಿಸಿ ಕೇಳೂ ಮಕ್ಕಳು ಬೇಕು. ಇನ್ನ ಮ್ಯಾಲ ನಮ್ಮ ಮನೀನ ಸಾಲಿ."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಲಿ ಬಿಟ್ಟಿತು ಎಂಬುದಷ್ಟೇ ನನಗೆ ತಿಳಿದದ್ದು. ಓಡಿಹೋಗಿ ನನ್ನ ಬರೆಯುವ ಪಾಟಿಯನ್ನು ಬಾವಿಗೆ ಎಸೆದೆ. ಅಪ್ಪ ಅದನ್ನು ದೇಶಭಕ್ತಿ ಎಂದು ತಿಳಿದು ಬೆನ್ನು ತಟ್ಟಿದ. ಮರುದಿನ ಬೆಳಿಗ್ಗೆ ಮನೆಯ ಸಾಲಿ ಸುರುವಾದಾಗ ಪಾಟಿ ಎಲ್ಲಿ ಎಂದು ಕೇಳಿ, ನಿನ್ನೆ ತಟ್ಟಿದ ಜಾಗದಲ್ಲೇ ಇನ್ನಷ್ಟು ಜೋರಾಗಿ ತಟ್ಟಿದ.

ವಿದ್ಯಾರ್ಥಿಗಳು ಮೂವರು. ಅಕ್ಕ ಸುಮತಿಗೆ ಹದಿಮೂರು. ನಡುವೆ ನಾನು, ಬಾಳ್ಯಾ. ತಂಗಿ ಜಿನ್ನಿಗೆ ಐದು. ಅಪ್ಪ ಗಾದಿಯ ಮೇಲೆ ಕೂತು ಪುಸ್ತಕ ತೆರೆಯುವುದಕ್ಕೂ ಪಾರಿಶ್ವಾಡದಿಂದ ಭತ್ತದ ಗಾಡಿ ಬರುವುದಕ್ಕೂ ಸರಿಹೋಗುತ್ತಿತ್ತು. "ನೀವು ಓದ್ಕೋತ ಇರ್ರಿ" ಎಂದು ಅಪ್ಪ ಎದ್ದು ಹೋಗುತ್ತಿದ್ದ. ಜಿನ್ನಿ ಓದಲು ಬಾರದೆ ಅಳುತ್ತಿದ್ದಳು, ಸುಮತಿ ಅದೇ ಪಾಠವನ್ನು ಎಂದೋ ಓದಿ ಮುಗಿಸಿದ್ದರಿಂದ ಆಕಳಿಸುತ್ತಿದ್ದಳು, ನಾನು ತಕ್ಕಡಿಯಲ್ಲಿ ಕೂತು ನನ್ನ ತೂಕ ನೋಡಿಕೊಳ್ಳುತ್ತಿದ್ದೆ. ಒಂದು ದಿನ ತಕ್ಕಡಿಯ ಹಗ್ಗ ಹರಿಯಿತು. ಅಂದಿಗೆ ಪಡಸಾಲೆಯ ಸಾಲಿ ಮುಗಿಯಿತು. ಅಪ್ಪ ನಮ್ಮನ್ನು ಒಳಗೆ ಓಡಿಸಿದ. ಒಳಗೆ ಕಲ್ಲು ತಿರುಗುತ್ತಿತ್ತು, ಅದರ ಜೊತೆ ಅತ್ತಿಯ ದನಿಯೂ. ಅವಳು ಹಾಡುತ್ತಿದ್ದಾಳೆ ಎಂದುಕೊಂಡು ನಾವು ಬಾಗಿಲಲ್ಲಿ ಕೂತೆವು. ಅದು ಹಾಡಾಗಿರಲಿಲ್ಲ, ಒಂದು ಕಥೆಯ ಪದ್ಯವಾಗಿತ್ತು. ಸುಮತಿ ಅದರ ಅರ್ಥ ಕೇಳಿದಳು. ಅತ್ತಿ ಕಲ್ಲು ನಿಲ್ಲಿಸದೆ ಅಂದಳು:

"ಪುಕಟ ಹೇಳೂದಿಲ್ಲ. ಈ ಕಡೆ ಬಂದು ಗೂಟಕ್ಕ ಕೈ ಹಚ್ಚು. ಬಾಳ್ಯಾ, ನೀ ಜೋಳದ ಬುಟ್ಟಿ ಮುಂದ ಕುಂದರು. ಮುಷ್ಟಿ ಮುಷ್ಟಿ ಹಾಕು, ಕಲ್ಲಿನ ಬಾಯಿ ತುಂಬಿಸಬ್ಯಾಡ. ಜಿನ್ನಿ, ಅರಬಿ ತಗೊಂಡು ಹಿಟ್ಟು ಒಟ್ಟು ಮಾಡು."

ನಮ್ಮ ಸಾಲಿಯಲ್ಲಿ ಮೂರು ಇಯತ್ತೆ, ಅಂದರೆ ಮೂರು ತರಗತಿ, ಆದದ್ದು ಹೀಗೆ. ಕಥೆ ಒಂದೇ, ಪದ್ಯ ಒಂದೇ. ಅತ್ತಿ ಒಂದು ಪದ್ಯ ಹೇಳುವಳು, ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಪ್ರಶ್ನೆ. ಹಿಟ್ಟು ಬಳಿಯುವವರು ಏನು ಕಂಡರೆಂದು ಹೇಳಬೇಕು. ಕಾಳು ಹಾಕುವವರು ಏನಾಯಿತೆಂದು ಹೇಳಬೇಕು. ಗೂಟ ಹಿಡಿದವರು ಹಾಗೆ ಯಾಕಾಯಿತೆಂದು ಅತ್ತಿಯ ಎದುರು ಕೂತು, ಕಲ್ಲು ನಿಲ್ಲಿಸದೆ, ಜಗಳ ಆಡಬೇಕು. ಜಿನ್ನಿ ತನಗೆ ಕೇಳದ ಪ್ರಶ್ನೆಯ ಉತ್ತರವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಸುಮತಿ ತಾನು ದಾಟಿಬಂದ ಪ್ರಶ್ನೆಯನ್ನು ಜಿನ್ನಿಯ ಬಾಯಲ್ಲಿ ಮತ್ತೆ ಕೇಳಿ ನಗುತ್ತಿದ್ದಳು. ಆಮೇಲೆ ನಾನು ದೊಡ್ಡ ದೊಡ್ಡ ಸಾಲಿ ನೋಡಿದೆ, ಕೋಟು ಹಾಕಿದ ಮಾಸ್ತರರನ್ನು ನೋಡಿದೆ. ಐದು ವರ್ಷದವಳೂ ಹದಿಮೂರು ವರ್ಷದವಳೂ ಒಂದೇ ಪದ್ಯಕ್ಕೆ ಬಾಯಿ ತೆರೆದು ಕೂತದ್ದನ್ನು ಮತ್ತೆಲ್ಲೂ ನೋಡಲಿಲ್ಲ.

ಒಂದು ಮಧ್ಯಾಹ್ನದ ಪಾಠ ಈಗಲೂ ಕಿವಿಯಲ್ಲಿದೆ. ಕಥೆ ಒಬ್ಬ ಅರಸನದು. ಅವನು ಊರಿಗಾಗಿ ಕೆರೆ ಕಟ್ಟಿಸಲು ಹೊರಡುತ್ತಾನೆ. ಏರಿಯ ದಾರಿಯಲ್ಲಿ ಒಬ್ಬ ಮುದುಕಿಯ ಮಾವಿನ ಮರ ಅಡ್ಡ ಬರುತ್ತದೆ. ಅವಳ ಗಂಡ ನೆಟ್ಟ ಮರ.

"ಜಿನ್ನಿ, ಏನು ಕಂಡಿ?"

"ಗಿಡ. ಗಿಡದಾಗ ಗಿಳಿ."

"ಗಿಳಿ ನಾ ಹೇಳೇ ಇಲ್ಲಲಾ."

"ನನಗ ಕಾಣಸ್ತು."

"ಹಂಗಾರ ಇತ್ತು ಬಿಡು. ಬಾಳ್ಯಾ, ಏನಾತು?"

"ಅರಸ ಗಿಡಾ ಕಡೀರಿ ಅಂದ. ಮುದುಕಿ ಗಿಡಾ ತೆಕ್ಕಿ ಹಾಯ್ದು ಕುಂತ್ಲು. ಅಷ್ಟರಾಗ ಅರಸಗ ಹಸಿವ್ಯಾತು, ಉಣ್ಣಾಕ ಹ್ವಾದ."

"ಹಸಿವ್ಯಾಗಿದ್ದು ಅರಸಗೋ ನಿನಗೋ? ಸುಮತಿ, ನೀ ಹೇಳು."

"ಅರಸಂದು ತಪ್ಪು."

"ಯಾಕ? ಊರಿಗೆ ನೀರು ಬ್ಯಾಡೇನ?"

"ಬೇಕು. ಆದ್ರ ಅಂವ ಮುದುಕೀನ್ನ ಕೇಳಲೇ ಇಲ್ಲ."

"ಕೇಳಿದ್ರ ಆಕಿ ಒಲ್ಲೆ ಅಂತಿದ್ಲು."

"ಅಂದ್ರ ಅನ್ಲಿ ಅತ್ತಿ. ಕೇಳಬೇಕಾಗಿತ್ತು."

ಅತ್ತಿ ಗೂಟವನ್ನು ಒಮ್ಮೆ ಜಗ್ಗಿದಳು. ಕಲ್ಲು ಜೋರಾಗಿ ತಿರುಗಿತು, ನಾನು ಕಾಳು ಹಾಕುವುದು ಹಿಂದೆ ಬಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ಆಯಿ, ಅಂದರೆ ನಮ್ಮ ಅಜ್ಜಿ, ಕೂಗಿದಳು. ಹೊತ್ತು ಮುಳುಗಲು ಬಂದಿತ್ತು. ಎಷ್ಟೇ ದೊಡ್ಡ ಜಗಳವಿದ್ದರೂ ಸೂರ್ಯ ಮುಳುಗುವ ಮುಂಚೆ ಎದ್ದು ಉಣ್ಣಬೇಕಾಗಿತ್ತು. ಅರಸನನ್ನೂ ಮುದುಕಿಯನ್ನೂ ಆ ಮರದ ಕೆಳಗೇ ಬಿಟ್ಟು ನಾವು ಎದ್ದೆವು.

ನನಗೆ ಒಂದೇ ಆಸೆ, ಗೂಟ ಹಿಡಿಯಬೇಕು. ಕಾಳು ಹಾಕುವ ಇಯತ್ತೆ ನನಗೆ ಸಾಕಾಗಿತ್ತು. ಯಾವಾಗ ಎಂದು ಕೇಳಿದಾಗಲೆಲ್ಲ ಅತ್ತಿ, ನಿನ್ನ ಬಾಯಲ್ಲಿ ಯಾಕ ಅನ್ನುವುದು ತಾನಾಗಿ ಬಂದ ದಿನ, ಅನ್ನುತ್ತಿದ್ದಳು. ನಾನು ಆ ದಿನವೇ ಕೇಳತೊಡಗಿದೆ. ರೊಟ್ಟಿ ಯಾಕ ದುಂಡಗ, ಎಮ್ಮಿ ಯಾಕ ಕರೀದು, ಆಯಿಗೆ ಹಲ್ಲು ಯಾಕಿಲ್ಲ. ಕೊನೆಯದಕ್ಕೆ ಆಯಿಯಿಂದ ಉತ್ತರ ಸಿಕ್ಕಿತು, ಕಟ್ಟಿಗೆಯ ತುಂಡಿನಿಂದ. ಅತ್ತಿ ನಕ್ಕು, "ಇವು ಗೂಟದ ಯಾಕ ಅಲ್ಲೋ. ಹೊಟ್ಟ್ಯಾಗ ಉರಿ ಎದ್ದು ಬರಬೇಕು" ಅಂದಳು. ಹೊಟ್ಟೆಯಲ್ಲಿ ಉರಿ ಏಳಲಿ ಎಂದು ನಾನು ಹಸಿಮೆಣಸಿನಕಾಯಿ ತಿಂದೆ. ಅದರಿಂದಾದದ್ದನ್ನು ಇಲ್ಲಿ ಬರೆಯುವುದಿಲ್ಲ.

ಬೆಳಗಾವಿಯಲ್ಲಿ ನಮ್ಮ ಕಾಕಾನ ಮಗನ ಹೆಸರಿಡುವ ದಿನ ಬಂತು. ಅಲ್ಲಿಗೆ ಒಬ್ಬ ದೊಡ್ಡ ವಕೀಲರು ಬರುತ್ತಾರೆ, ಮನೆಯ ಸಾಲಿಯಲ್ಲಿ ಮಕ್ಕಳು ಎಷ್ಟು ಕಲಿತಿದ್ದಾರೆಂದು ಅವರಿಗೆ ತೋರಿಸಬೇಕು ಎಂದು ಅಪ್ಪನಿಗೆ ಹುಕಿ. ಇಡೀ ಮನೆ ಹೊರಟಿತು. ಅತ್ತಿ ಹೊರಡಲಿಲ್ಲ. ತೊಟ್ಟಿಲಿನ ಮುಂದೆ ವಿಧವೆ ನಿಲ್ಲಬಾರದು. ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳಿಗೊಂದು ಸೀರೆ ತೆಗೆದಿಡಲಿಲ್ಲ, ಅಷ್ಟೇ. ಕಲಿಸಿದವಳನ್ನು ಮನೆ ಕಾಯಲು ಬಿಟ್ಟು, ಕಲಿತದ್ದನ್ನು ತೋರಿಸಲು ನಾವು ರೈಲು ಹತ್ತಿದೆವು. ಆಗ ನನಗೆ ಸಿಟ್ಟು ಬರಲಿಲ್ಲ, ಕಿಟಕಿಯ ಜಾಗ ಸಿಕ್ಕಿತ್ತು. ಆ ಕಿಟಕಿಯ ಮೇಲೆ ಈಗ ಸಿಟ್ಟು ಬರುತ್ತದೆ. ದೇಸೂರ ಸ್ಟೇಷನ್ ದಾಟುವಾಗ ಅಪ್ಪ ಹೇಳಿದ:

"ಎಲ್ಲಾರೂ ಕೈ ಕಟ್ಟಿಕೊಂಡು ನೆಟ್ಟಗ ನಿಂದರ್ಬೇಕು. ಗೊಂಬಿ ನಿಂತಂಗ. ತಿಳೀತಿಲ್ಲೋ?"

ಕಾಕಾನ ಮನೆಯ ಪಡಸಾಲೆ ತುಂಬ ಜನ. ವಕೀಲರು ಸೆಕೆಗೆ ತಲೆಗೆ ಸುತ್ತಿದ ರುಮಾಲು ತೆಗೆದು, ಅದರ ಬಾಯಿ ಮೇಲಾಗುವಂತೆ, ಬಾಜು ಇಟ್ಟಿದ್ದರು. ಆಗಷ್ಟೇ ಎಲ್ಲರಿಗೂ ಬೇಯಿಸಿದ ಕಡಲೆಯ ಗುಗ್ಗರಿ ಹಂಚಿದ್ದರು, ನನ್ನ ಮುಷ್ಟಿ ತುಂಬ ಅದು. ಮೂವರೂ ಕೈ ಕಟ್ಟಿ ನಿಂತೆವು. ಅಪ್ಪ ಕಣ್ಸನ್ನೆ ಮಾಡಿದ. ಒಂದು ಅಕ್ಷರವೂ ಹೊರಡಲಿಲ್ಲ. ಎಲ್ಲ ಪದ್ಯಗಳೂ ಎಲ್ಲೋ ಸಿಕ್ಕಿಕೊಂಡಿದ್ದವು. ಜನ ಕೆಮ್ಮಿದರು. ಅಪ್ಪನ ಕಿವಿ ಕೆಂಪಾದವು. ಆಗ ಜಿನ್ನಿ ಮೆಲ್ಲಗೆ ಕೆಳಗೆ ಕೂತು ತಾನು ಉಟ್ಟಿದ್ದ ಪರಕಾರದ ಅಂಚಿನಿಂದ ನೆಲ ಬಳಿಯತೊಡಗಿದಳು. ಅದನ್ನು ನೋಡಿದ್ದೇ ತಡ ಸುಮತಿಯ ಬಲಗೈ ಬಿಚ್ಚಿಕೊಂಡು ಗಾಳಿಯಲ್ಲಿ ದುಂಡಗೆ ತಿರುಗತೊಡಗಿತು, ಅರಸನ ಕೆರೆಯ ಪದ್ಯ ಬಾವಿಯ ಹಗ್ಗದಂತೆ ಸರಸರ ಬಂತು. ನಾನೂ ದನಿ ಕೂಡಿಸಿದೆ. ದನಿ ಕೂಡಿಸಿದ ಮೇಲೆ ಕೈ ಸುಮ್ಮನಿರಲು ಸಾಧ್ಯವೇ? ಪದ್ಯದ ಸಾಲು ಮುಗಿದಾಗೊಮ್ಮೆ ಒಂದಿಷ್ಟು ಗುಗ್ಗರಿಯನ್ನು ಎದುರಿಗಿದ್ದ ದುಂಡನೆಯ ತೂತಿಗೆ ಹಾಕಿದೆ. ಪದ್ಯ ಮುಗಿಯುವ ಹೊತ್ತಿಗೆ ವಕೀಲರ ರುಮಾಲು ಅರ್ಧ ತುಂಬಿತ್ತು, ತಳದಿಂದ ಒಗ್ಗರಣೆಯ ಎಣ್ಣೆ ಜಿನುಗುತ್ತಿತ್ತು.

ಪಡಸಾಲೆ ನಕ್ಕಿತು ಎಂದರೆ ಕಡಿಮೆಯಾಯಿತು. ತೊಟ್ಟಿಲಲ್ಲಿದ್ದ ಕೂಸು ಬೆಚ್ಚಿ ಅತ್ತಿತು. ವಕೀಲರು ರುಮಾಲನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಕೇಳಿದರು:

"ಏನ್ರೀ, ಖಾನಾಪುರದಾಗ ಕವಿತಾ ಬೀಸ್ತೀರೇನು?"

ಮತ್ತೆ ನಗು. ಆಮೇಲೆ ಅವರು ಸುಮತಿಯ ಕಡೆ ತಿರುಗಿ, ಅರಸ ಕೆರೆ ಕಟ್ಟಿಸಲು ಹೊರಟದ್ದು ಒಳ್ಳೆಯದಲ್ಲವೇ ಎಂದು ಕೇಳಿದರು. ಸುಮತಿ ನಗಲಿಲ್ಲ. ಕೆರೆ ಒಳ್ಳೆಯದು, ಆದರೆ ಒಬ್ಬಳನ್ನು ಕೇಳದೆ ಅವಳದನ್ನು ಕಸಿದುಕೊಂಡು ಮಾಡುವ ಒಳ್ಳೆಯದಕ್ಕೆ ಅರಸನಿಗೆ ಹೊಗಳಿಕೆ ಯಾಕೆ ಎಂದು ತಿರುಗಿ ಕೇಳಿದಳು. ಅಂಥ ಉತ್ತರವನ್ನು ಆ ಪಡಸಾಲೆ ಅದಕ್ಕೆ ಮೊದಲು ಕೇಳಿರಲಿಕ್ಕಿಲ್ಲ. ವಕೀಲರ ನಗು ಆರಿತು.

"ಹುಡಿಗಿಗೆ ಬಾಯಿ ಭಾಳ ಆಗೇತಲ್ರೀ. ಲಗ್ನಕ್ಕ ಬಂದಾಳು. ಕಲಿಸಿದವರು ಯಾರು?"

"ನಮ್ಮತ್ತಿ" ಅಂದಳು ಜಿನ್ನಿ, ನೆಲ ಬಳಿಯುತ್ತಲೇ.

ಅಪ್ಪ ನಡುವೆ ಬಾಯಿ ಹಾಕಿದ.

"ಹೆಂಗಸ್ರು ಕೆಲಸಾ ಮಾಡ್ಕೋತ ಏನರೇ ಹಾಡ್ತಿರ್ತಾರ್ರಿ, ಹುಡುಗೂರು ಕೇಳ್ಯಾವು. ಖರೇ ಅಂದ್ರ ಮಾಸ್ತರನ್ನ ಗೊತ್ತ ಮಾಡಾಕತ್ತೇನ್ರಿ."

ರುಮಾಲು ಹೊಲಸು ಮಾಡಿದವನು ನಾನು. ನನಗೆ ಒಂದು ಏಟು ಬಿದ್ದಿದ್ದರೆ ನ್ಯಾಯವಾಗುತ್ತಿತ್ತು. ಆದರೆ ಅಲ್ಲಿ ಇಲ್ಲದವಳ ಮೇಲೆ ಬಿತ್ತು. ರೈಲಿನಲ್ಲಿ ತಿರುಗಿ ಬರುವಾಗ ನನಗೆ ಮತ್ತೆ ಕಿಟಕಿಯ ಜಾಗ ಸಿಕ್ಕಿತು. ಈ ಸಲ ಹೊರಗೆ ಏನೂ ಕಾಣಲಿಲ್ಲ.

ಮುಂದಿನ ವಾರ ಮಾಸ್ತರರು ಬಂದರು, ಬೆಳಗಾವಿಯಿಂದ, ರೈಲಿನಲ್ಲಿ. ಸುಮತಿಗೆ ಇನ್ನು ಪಾಠ ಸಾಕೆಂದು ಅವಳನ್ನು ಒಲೆಯ ಮುಂದೆ ಕೂರಿಸಿದರು. ಉಳಿದವರು ನಾನು, ಜಿನ್ನಿ. ಮಾಸ್ತರರ ಪದ್ಧತಿಯಲ್ಲಿ ಕಾವ್ಯವೆಂದರೆ ಶಬ್ದದ ಅರ್ಥ. ಅರಸ ಅಂದ್ರ ರಾಜಾ, ರಾಜಾ ಅಂದ್ರ ದೊರಿ, ದೊರಿ ಅಂದ್ರ ಅರಸ. ಹೀಗೆ ಒಂದು ಸುತ್ತು ಹೊಡೆದು ಹೊರಟಲ್ಲಿಗೇ ಬಂದು ನಿಲ್ಲುತ್ತಿದ್ದೆವು. ಐದರವಳಿಗೂ ಅದೇ, ಒಂಬತ್ತರವನಿಗೂ ಅದೇ. ಅದೇ ಅರಸನ ಪದ್ಯ ಬಂದಾಗ ಜಿನ್ನಿ ಗಿಡದಲ್ಲಿ ಗಿಳಿ ಇತ್ತು ಅಂದಳು. ಪುಸ್ತಕದಲ್ಲಿ ಗಿಳಿ ಇಲ್ಲ ಎಂದು ಅವಳ ಬೆರಳಿನ ಗಿಣ್ಣಿಗೆ ಕೋಲು ಬಿತ್ತು. ಆಮೇಲೆ ಅವಳು ಏನನ್ನೂ ಕಾಣಲಿಲ್ಲ. ಇದನ್ನು ಬರೆಯುವಾಗ ಹಲ್ಲು ಕಡಿಯುತ್ತೇನೆ. ಐದು ವರ್ಷದ ಹುಡುಗಿಯ ಕಣ್ಣಿನಿಂದ ಒಂದು ಗಿಳಿಯನ್ನು ಹಾರಿಸಿಬಿಟ್ಟು, ಅದಕ್ಕೆ ಸಂಬಳವನ್ನೂ ತೆಗೆದುಕೊಳ್ಳುವುದೆಂದರೆ!

ಅದಕ್ಕಿಂತ ಕೆಟ್ಟ ಕೆಲಸವನ್ನು ಅಪ್ಪ ಒಳ್ಳೆಯ ಮಾತಿನಲ್ಲಿ ಮಾಡಿದ. ಸ್ಟೇಷನ್ನಿನ ಬಾಜು ಎಂಜಿನ್ನಿನಿಂದ ನಡೆಯುವ ಹಿಟ್ಟಿನ ಗಿರಣಿ ಹೊಸದಾಗಿ ಬಂದಿತ್ತು. "ಅಕ್ಕಗ ಇನ್ನ ಕಷ್ಟ ಬ್ಯಾಡ" ಎಂದು ಹೇಳಿ, ಜೋಳವನ್ನು ಗಿರಣಿಗೆ ಕಳಿಸಿದ. ಆಳುಗಳು ಬಂದು ಬೀಸುವ ಕಲ್ಲನ್ನು ಉರುಳಿಸಿಕೊಂಡು ಹೋಗಿ ದನದ ಕೊಟ್ಟಿಗೆಯಲ್ಲಿ ಹಾಕಿದರು. ಓಣಿಯ ಹೆಂಗಸರು, ಎಂಥಾ ತಮ್ಮ, ಅಕ್ಕನ ಮೇಲೆ ಎಷ್ಟು ಅಂತಃಕರಣ, ಅಂದರು. ಅತ್ತಿ ಆ ಬರಿದಾದ ಖೋಲಿಯಲ್ಲಿ, ಗಾಜಿನ ಬೆಳಕು ಬೀಳುವ ಜಾಗದಲ್ಲಿ, ನೆಲದ ಮೇಲೆ ಉಳಿದ ಕಲ್ಲಿನ ದುಂಡನೆಯ ಗುರುತಿನ ಮುಂದೆ ಕೂತಿರುತ್ತಿದ್ದಳು. ಕೈಗಳು ತೊಡೆಯ ಮೇಲಿದ್ದವು. ಅವಳ ಕೈ ಸುಮ್ಮನಿದ್ದುದನ್ನು ನಾನು ಅದೇ ಮೊದಲು ನೋಡಿದ್ದು. ನಾನು ಅವಳನ್ನು ನಗಿಸಲು ಹೋಗಿ, ಮಾಸ್ತರರಂತೆ ಕೋಲು ಹಿಡಿದು ನಡೆದು ತೋರಿಸಿದೆ. ಹೊಸ್ತಿಲಿಗೆ ಎಡವಿ ಬಿದ್ದು ಹಲ್ಲು ಮುರಿದುಕೊಂಡೆ. ಆಗಲೂ ಅವಳು ನಗಲಿಲ್ಲ, ನನ್ನ ಬಾಯಿ ಒರೆಸಿದಳು.

ಮಳೆಗಾಲದ ನಾಲ್ಕು ತಿಂಗಳು ನಮ್ಮಲ್ಲಿ ನೇಮದ ಕಾಲ. ಒಬ್ಬರು ಬೆಲ್ಲ ಬಿಡುತ್ತಾರೆ, ಒಬ್ಬರು ಸೊಪ್ಪು ಬಿಡುತ್ತಾರೆ. ಬಸದಿಯಲ್ಲಿ ದೇವರ ಮುಂದೆ ನಿಂತು, ಇಂಥದ್ದು ಇಷ್ಟು ದಿನ ಎಂದು ಅವಧಿ ಹೇಳಿ, ನೇಮ ಹಿಡಿಯಬೇಕು. ಹಿಡಿದ ಮೇಲೆ ಮುರಿಯುವಂತಿಲ್ಲ. ಇನ್ನೊಬ್ಬರ ನೇಮ ಮುರಿಸಿದವನಿಗೆ ಅದಕ್ಕಿಂತ ದೊಡ್ಡ ಪಾಪ. ಆ ವರ್ಷ ಅತ್ತಿ ಬಸದಿಗೆ ಹೋಗಿ, ಪಂಡಿತರ ಎದುರು, ಊರ ಹೆಂಗಸರ ಎದುರು, ಮಳೆಗಾಲ ಮುಗಿಯುವ ತನಕ ತನ್ನ ಕೈಯಾರೆ ಬೀಸದ ಧಾನ್ಯವನ್ನು ಬಾಯಿಗಿಡುವುದಿಲ್ಲ ಎಂದು ನೇಮ ಹಿಡಿದು ಬಂದಳು. ಬಂದು, ಒಂದು ಲೋಟ ಹಾಲು ಕುಡಿದು, ಗೋಡೆಗೆ ಒರಗಿ ಕೂತಳು. ಮರುದಿನವೂ ಹಾಲು. ಅದರ ಮರುದಿನ ಒಂದು ಬಾಳೆಹಣ್ಣು.

ಆ ಸಂಜೆ, ಹೊತ್ತು ಮುಳುಗುವ ಮುಂಚೆ, ನಡುಮನೆಯಲ್ಲಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ಅತ್ತಿ ಅಡುಗೆಮನೆಯ ಬಾಗಿಲಲ್ಲಿ ತಾಟಿಲ್ಲದೆ ಕೂತಿದ್ದಳು. ಅಪ್ಪ ರೊಟ್ಟಿಯನ್ನು ತಾಟಿಗೆ ಹಾಕಿದ.

"ಅಕ್ಕಾ, ಏನು ಹಟಾ ಇದು?"

"ಹಟಾ ಅಲ್ಲಪಾ ತಮ್ಮಾ. ನೇಮ."

"ನಿನಗ ಕಷ್ಟ ಆಗ್ತೈತಿ ಅಂತ ಕಲ್ಲು ತಗಸಿದ್ನಿ."

"ಕಷ್ಟ ಐತಿ ಅಂತ ನಾ ಯಾವಾಗ ಹೇಳಿದ್ನಿ? ನೀ ಯಾವಾಗ ಕೇಳಿದಿ?"

ಆಯಿ ತನ್ನ ತಾಟಿನಿಂದ ತಲೆ ಎತ್ತದೆ ಮಗನಿಗೆ ಅಂದಳು:

"ನೇಮದಾಕಿ ಮನ್ಯಾಗ ಉಪಾಸ ಕುಂತಾಳು. ನಾಳಿ ಬಸದ್ಯಾಗ ನಾಕು ಮಂದಿ ಕೇಳಿದ್ರ ಏನು ಹೇಳ್ತಿ? ಗಿರಣಿ ಬಂದೈತಿ ಅಂತ ಹೇಳ್ತಿ?"

ಅಪ್ಪ ಸೋತ. ಸೋತವನು ಸುಮ್ಮನೆ ಸೋಲಬೇಕಾಗಿತ್ತು. ಅವನು ಹಾಗೆ ಮಾಡಲಿಲ್ಲ.

"ಆತು. ಕಲ್ಲು ಬರತೈತಿ. ಆದ್ರ ಹುಡುಗೂರು ಆ ಖೋಲಿಗೆ ಕಾಲಿಡಬಾರ್ದು. ಮಾಸ್ತರ ಅದಾರ. ಸುಮತಿ ಒಲಿ ಮುಂದ ಇರ್ಲಿ. ಬೀಸೂದಷ್ಟ ಬೀಸು, ಸಾಲಿ ಬ್ಯಾಡ."

ಸುಮತಿಯ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಅತ್ತಿ ಕಣ್ಣು ಮುಚ್ಚಿದಳು. ನನ್ನ ಬಾಯಲ್ಲಿ ದೊಡ್ಡ ತುತ್ತು ಇತ್ತು. ಅದರ ಹಿಂದಿನಿಂದ ಏನೋ ಎದ್ದು ಬಂತು. ಮೆಣಸಿನಕಾಯಿ ತಿಂದ ದಿನ ಬಂದದ್ದು ಇದಲ್ಲ.

"ಯಾಕ?"

"ಏನಂದಿ?"

"ಯಾಕ ಬ್ಯಾಡ? ಯಾಕ ಅಂತ ಕೇಳೂ ಮಕ್ಕಳು ಬೇಕು ಅಂತ ಕಟ್ಟಿ ಮ್ಯಾಲ ನಿಂತು ನೀನ ಹೇಳಿದ್ದಿ. ಅತ್ತಿ ಅದನ್ನ ಕಲಿಸ್ಯಾಳ. ಮತ್ತ್ಯಾಕ ಬ್ಯಾಡ?"

ಏಟು ಬಿತ್ತು. ತುತ್ತು ಹಾರಿ ಆಯಿಯ ತಾಟಿನಲ್ಲಿ ಕೂತಿತು. ನಾನು ಕೆನ್ನೆ ಹಿಡಿದುಕೊಂಡು ಎದ್ದು ನಿಂತು, ದೇವರ ಕೋಣೆಯ ಕಡೆ ಮುಖ ಮಾಡಿ, ಇದ್ದ ಎಲ್ಲ ತೀರ್ಥಂಕರರ ಮೇಲೂ ಆಣೆ ಇಟ್ಟು ಕೂಗಿದೆ. ನಾನೂ ನೇಮ ಹಿಡಿದಿದ್ದೇನೆ, ನನ್ನ ಕೈ ಹಚ್ಚಿ ಬೀಸದ ಹಿಟ್ಟನ್ನು ತಿನ್ನುವುದಿಲ್ಲ. ಆಯಿ ತನ್ನ ತಾಟಿನಿಂದ ನನ್ನ ತುತ್ತನ್ನು ತೆಗೆದು ಬದಿಗಿಟ್ಟು, ಮೆಲ್ಲಗೆ ಕೇಳಿದಳು:

"ಎಲ್ಲೀತನಕಾ?"

ನಾನು ಬಾಯಿ ತೆರೆದು ನಿಂತೆ. ಅವಧಿ ಹೇಳುವುದನ್ನೇ ಮರೆತಿದ್ದೆ.

"ಅವಧಿ ಹೇಳಲಿಲ್ಲಲೋ ಹುಚ್ಚಪ್ಯಾಲಿ. ದೇವರ ಹೆಸರು ತಗೊಂಡಿ. ಮುಗೀತು. ಇನ್ನ ಸಾಯೂತನಕ ಬೀಸು."

ನಮ್ಮ ಜನರಲ್ಲಿ ಎಂಥ ದಡ್ಡನೂ ಮಾಡದ ತಪ್ಪು ಅದು. ಹಸುಗೂಸುಗಳಿಗೂ ಗೊತ್ತು, ನೇಮಕ್ಕೆ ಮೊದಲು ಅವಧಿ. ಗೊತ್ತಿತ್ತೆಂಬುದಕ್ಕೆ ಸುಮತಿಯೇ ಸಾಕ್ಷಿ. ಅವಳು ಕೈ ತೊಳೆದುಕೊಂಡು ಬಂದು, ತಣ್ಣಗೆ ಕೈ ಮುಗಿದು, ಅದೇ ನೇಮವನ್ನು ತನ್ನ ಲಗ್ನ ಆಗುವ ತನಕ ಎಂದು ಹಿಡಿದಳು. ಜಿನ್ನಿಯೂ ಎದ್ದು ನಿಂತಳು.

"ನಂದೂ ನೇಮ. ನಾಳಿ ತನಕ."

"ನಾಳಿ ಮುಗದ ಮ್ಯಾಲ?" ಅಂದಳು ಆಯಿ.

"ಮತ್ತ ನಾಳಿ ತನಕ."

ಅಪ್ಪ ಊಟ ಬಿಟ್ಟು ಎದ್ದು ಪಡಸಾಲೆಗೆ ಹೋದ. ಒಬ್ಬರ ನೇಮ ಮುರಿಸಿದರೆ ಪಾಪ, ನಾಲ್ವರದು ಮುರಿಸಿದರೆ ಊರಲ್ಲಿ ಮುಖ ತೋರಿಸುವಂತಿಲ್ಲ. ಮರುದಿನ ಆಳುಗಳು ಕಲ್ಲನ್ನು ತೊಳೆದು ತಂದು ಹಳೆಯ ಗುರುತಿನ ಮೇಲೆ ಕೂರಿಸಿದರು. ಅಪ್ಪ ಮುಂದೆ ಬಂದವರಿಗೆಲ್ಲ, ನಮ್ಮ ಮನೆಯಲ್ಲಿ ಸಣ್ಣ ಹುಡುಗರೂ ನೇಮಸ್ಥರು ಎಂದು ಎದೆಯುಬ್ಬಿಸಿ ಹೇಳುತ್ತಿದ್ದ. ಕಲಿಸಿದವಳ ಹೆಸರನ್ನು ಮಾತ್ರ ಸಾಯುವ ತನಕ ಹೇಳಲಿಲ್ಲ. ಅತ್ತಿ ಪ್ರತಿ ಮಳೆಗಾಲವೂ ನೇಮ ಹೊಸದು ಮಾಡಿಕೊಂಡಳು, ಪ್ರತಿ ಮಳೆಗಾಲವೂ ಆ ಬೆಲೆ ಕೊಟ್ಟು ನಮ್ಮನ್ನು ಕೊಂಡುಕೊಂಡಳು. ಅಷ್ಟು ತಿಳಿದವಳು ಮೂರು ಮಕ್ಕಳಿಗೆ ಒಂದು ಪದ್ಯ ಹೇಳಲು ಹೊಟ್ಟೆ ಕಟ್ಟಬೇಕಾಯಿತು. ಅವಳು ಗೆದ್ದಳು ಎಂದು ಸುಮತಿ ಈಗಲೂ ಹೇಳುತ್ತಾಳೆ. ಗೆಲ್ಲಬೇಕಾದ ಜಾಗವೇ ಅದಾಗಿರಲಿಲ್ಲ ಎಂದು ನಾನು ಜಗಳ ಆಡುತ್ತೇನೆ.

ಕಲ್ಲು ಬಂದ ದಿನ ಮಧ್ಯಾಹ್ನ ನಾನು ಎಂದಿನಂತೆ ಜೋಳದ ಬುಟ್ಟಿಯ ಮುಂದೆ ಕೂತೆ. ಅತ್ತಿ ಬುಟ್ಟಿಯನ್ನು ಸುಮತಿಯ ಕಡೆ ಸರಿಸಿದಳು.

"ಇವತ್ತು ಸುಮತಿ ಕಾಳು ಹಾಕ್ತಾಳ. ನೀ ಈ ಕಡೆ ಬಾ. ಗೂಟ ಹಿಡಿ."

ನನ್ನ ಕೆನ್ನೆ ಇನ್ನೂ ಊದಿತ್ತು. ಎರಡೂ ಕೈಯಿಂದ ಹಿಡಿದೆ. ಕಲ್ಲು ಅಲುಗಲಿಲ್ಲ. ಕಾಲು ಗೋಡೆಗೆ ಕೊಟ್ಟು ಜಗ್ಗಿದೆ, ನಾನೇ ಒಂದು ಸುತ್ತು ತಿರುಗಿ ಜೋಳದ ಬುಟ್ಟಿಯ ಮೇಲೆ ಬಿದ್ದೆ. ಅತ್ತಿ ಅಂದು ನಕ್ಕಳು. ನನ್ನ ಕೈಯ ಮೇಲೆ ತನ್ನ ಕೈ ಇಟ್ಟು ತಿರುಗಿಸತೊಡಗಿದಳು. ಬಿಟ್ಟುಬಂದಿದ್ದ ಪದ್ಯದಿಂದಲೇ ಸುರುವಾಯಿತು. ಮರದ ಕೆಳಗೆ ಮುದುಕಿ ಇನ್ನೂ ಕೂತಿದ್ದಳು.

"ಜಿನ್ನಿ, ಏನು ಕಂಡಿ?"

ಜಿನ್ನಿ ಹಿಟ್ಟು ಬಳಿಯುವುದನ್ನು ನಿಲ್ಲಿಸಿದಳು. ಬೆರಳಿನ ಗಿಣ್ಣು ನೋಡಿಕೊಂಡಳು.

"ಗಿಡ" ಅಂದಳು. ಆಮೇಲೆ ಸಣ್ಣ ದನಿಯಲ್ಲಿ, "ಗಿಳಿ."

"ಇತ್ತು ಬಿಡು. ಬಾಳ್ಯಾ, ಈಗ ನೀ ಹೇಳು. ಅರಸ ಹಂಗ್ಯಾಕ ಮಾಡಿದ?"

ಕಲ್ಲಿನ ಭಾರ ನನ್ನ ಭುಜದವರೆಗೂ ಏರಿತ್ತು.

"ಅವಗ ಯಾರೂ ಯಾಕ ಅಂತ ಕೇಳಿರಲಿಲ್ಲ" ಅಂದೆ.

ಅತ್ತಿ ನನ್ನ ಕೈಯ ಮೇಲಿಂದ ತನ್ನ ಕೈ ತೆಗೆದು, ಗೂಟವನ್ನು ನನ್ನ ಎದುರಿನಿಂದ ಹಿಡಿದಳು.

"ಹಂಗಾರ ಊರಾಗಿನ ಮಂದಿ ಎಲ್ಲಿ ಹೋಗಿದ್ರು?" ಅಂದಳು. "ಜಗ್ಗು."